ಮಲಗಿದ ಬಾವುಟ

ವಿನುತಾ ಅನ್ನ ಮಾಡುವ ದೊಡ್ಡ ಅಲ್ಯೂಮಿನಿಯಂ ತಪ್ಪಲೆಯನ್ನು ತಂದು ಆಂಟೆನಾದ ಮೇಲೆ ಕವುಚಿ ಹಾಕಿದಳು. ಆಮೇಲೆ ಪರದೆಯ ಕಡೆ ತಿರುಗಿ, ಸೊಂಟಕ್ಕೆ ಕೈಯಿಟ್ಟು, ‘ಈಗ ನೋಡುವ’ ಎಂಬಂತೆ ನಿಂತಳು. ದಡದಿಂದ ಮೂವತ್ತೆಂಟು ಕಿಲೋಮೀಟರ್ ಆಚೆ ಕಡಲ ಮೇಲೆ ಹಾರುತ್ತಿದ್ದ ಡ್ರೋನಿನ ಚಿತ್ರ ಈಗ ಚಿಂದಿಚಿಂದಿಯಾಗಬೇಕಿತ್ತು, ಇಲ್ಲವೇ ಪರದೆಯೇ ಕಪ್ಪಾಗಬೇಕಿತ್ತು. ಹದಿನಾರು ವರ್ಷ ಡ್ರೋನ್ ದುರಸ್ತಿ ಮಾಡಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಪರದೆಯಲ್ಲಿ ಅಲೆಗಳು ಒಂದರ ಬೆನ್ನಿಗೊಂದು ಬರುತ್ತಲೇ ಇದ್ದವು. ಬಲೆಯ ಗುರುತಿನ ಬಾವುಟವೊಂದು ತೇಲುಬುರುಡೆಯ ಮೇಲೆ ನೆಟ್ಟಗೆ ನಿಂತು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಅದರ ಪಕ್ಕದಿಂದ ಒಂದು ಬಿಳಿ ಹಕ್ಕಿ ಹಾರಿಹೋಯಿತು.

“ಇನ್ನೊಂದು ತಪ್ಪಲೆ ತರಿಸುವುದಾ?” ಎಂದು ಡಾ. ನಿರಂಜನ ಉರಾಳರು ನಗುತ್ತ ಕೇಳಿದರು.

“ಎಂತ ಮಾಯ ಇದು ಡಾಕ್ಟ್ರೇ?”

“ಮಾಯ ಎಂತದೂ ಇಲ್ಲ. ಇದರ ಹೆಸರು ಪೂರಕ. ನಿಮ್ಮ ತಪ್ಪಲೆಯ ಅಂಚಿನಿಂದ ನುಸುಳಿ ಬಂದ ಒಂದೆರಡು ಚಿತ್ರ ಸಿಕ್ಕಿದರೆ ಅದಕ್ಕೆ ಸಾಕು. ಉಳಿದದ್ದನ್ನು ಅದೇ ತುಂಬಿಸಿಕೊಳ್ತದೆ.”

ಅದು ಎರಡು ಸಾವಿರದ ಐವತ್ಮೂರನೆಯ ಇಸವಿಯ ಫೆಬ್ರವರಿ ತಿಂಗಳು. ಕುಂದಾಪುರದಿಂದ ಉತ್ತರಕ್ಕಿರುವ ಹೊಸಕೋಡಿ ಎಂಬ ಸಣ್ಣ ಬಂದರಿನಲ್ಲಿ ಕಡಲ ಶೋಧ ಕೇಂದ್ರವೊಂದಿತ್ತು. ಮೀನಿಗೆ ಹೋದ ದೋಣಿ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಡ್ರೋನ್ ಹಾರಿಸಿ ಹುಡುಕುವುದು ಅದರ ಕೆಲಸ. ಡ್ರೋನಿಗೆ ಇದ್ದದ್ದು ಒಂದೇ ದೊಡ್ಡ ಸಂಕಟ. ದೂರ ಹೋದಷ್ಟೂ ಚಿತ್ರ ಒಡೆಯುತ್ತದೆ, ಚಿತ್ರ ಒಡೆಯದಂತೆ ಜೋರಾಗಿ ಕಳಿಸಲು ಹೋದರೆ ಬ್ಯಾಟರಿ ಮುಗಿಯುತ್ತದೆ. ಹನ್ನೆರಡು ಕಿಲೋಮೀಟರ್ ದಾಟಿದರೆ ದೇವರೇ ಗತಿ. ಉರಾಳರು ಈ ಗಂಟನ್ನು ಬಿಡಿಸಿದ್ದರು. ಸೆಕೆಂಡಿಗೆ ಮೂವತ್ತು ಚಿತ್ರ ಕಳಿಸುವ ಬದಲು ಡ್ರೋನ್ ಎರಡೋ ಮೂರೋ ಕಳಿಸಿದರೆ ಆಯಿತು. ನಡುವೆ ಏನಾಗಿರಬಹುದು ಎಂದು ದಡದಲ್ಲಿರುವ ಯಂತ್ರ ಊಹಿಸಿ, ಚಿತ್ರ ಬರೆದು, ಸೇರಿಸಿಬಿಡುತ್ತಿತ್ತು. ಗೊತ್ತಿರುವ ಹಾಡು ರೇಡಿಯೋದಲ್ಲಿ ಗೊರಗೊರ ಅಂದಾಗ ನಾವು ನಡುವಿನ ಸಾಲನ್ನು ಬಾಯಲ್ಲೇ ಹಾಡಿಕೊಳ್ಳುತ್ತೇವಲ್ಲ, ಹಾಗೆ. ಇದರಿಂದ ಡ್ರೋನ್ ನಲವತ್ತು ಕಿಲೋಮೀಟರ್ ಹೋಗಿ ಬರುವಂತಾಯಿತು.

ಹಾಡು ಗೊತ್ತಿರಬೇಕಾದರೆ ಮೊದಲು ಯಾರಾದರೂ ಕಲಿಸಿರಬೇಕು. ಪೂರಕಕ್ಕೆ ಕಡಲನ್ನು ಕಲಿಸಲು ಕೇಂದ್ರದಲ್ಲಿದ್ದ ಹತ್ತು ವರ್ಷದ ಹಳೆಯ ವಿಡಿಯೋಗಳನ್ನು ಉರಾಳರು ಕೇಳಿದ್ದರು. ಅದನ್ನೆಲ್ಲ ಆರಿಸಿ, ಜೋಡಿಸಿ ಕೊಟ್ಟವಳು ವಿನುತಾ. “ಒಳ್ಳೆಯ ಚಿತ್ರ ಮಾತ್ರ ಕೊಡಿ” ಎಂದಿದ್ದರು ಅವರು. ಅವಳು ಒಳ್ಳೆಯದನ್ನೇ ಕೊಟ್ಟಳು. ಕಡಲು ಯಾರನ್ನಾದರೂ ತೆಗೆದುಕೊಂಡ ದಿನದ ವಿಡಿಯೋಗಳನ್ನು ಮಾತ್ರ ಒಂದೊಂದಾಗಿ ಹುಡುಕಿ ಅಳಿಸಿದಳು. ಹೊಸಕೋಡಿಯಲ್ಲಿ ಅಂಥ ದಿನದ ಚಿತ್ರವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಹನ್ನೆರಡನೆಯ ದಿನದೊಳಗೆ ಅಳಿಸಬೇಕು, ಉಳಿಸಿಕೊಂಡರೆ ಕಡಲು ವಿಳಾಸ ಹುಡುಕಿಕೊಂಡು ಮತ್ತೆ ಬರುತ್ತದೆ ಎಂಬ ನಂಬಿಕೆ. ಮನೆಮನೆಯಲ್ಲಿ ಅಳಿಸಿದ್ದರೂ ಕೇಂದ್ರದ ಸಂಗ್ರಹದಲ್ಲಿ ಯಾರ ಗಮನಕ್ಕೂ ಬಾರದೆ ಉಳಿದವು ಇವು. ಯಾವ ಕಾಲದ ನಂಬಿಕೆ, ಎಂತ ಕತೆ ಎಂದು ವಿನುತಾ ಒಳಗೊಳಗೇ ನಕ್ಕಿದ್ದೂ ಹೌದು. ನಕ್ಕರೂ ಅಳಿಸಿದಳು.

ಐಸ್ ಪ್ಲಾಂಟಿನ ಪಕ್ಕದಲ್ಲಿ ಅವಳ ದುರಸ್ತಿ ಅಂಗಡಿ. ಅವಳ ಕ್ರಮ ಒಂದೇ: ಮೊದಲು ಮೂಗು, ಆಮೇಲೆ ಕಣ್ಣು, ಕಡೆಗೆ ಮೀಟರು. ಸುಟ್ಟ ವಾಸನೆ ಉಂಟಾ ಮೂಸು, ಉಪ್ಪು ಹಿಡಿದು ಹಸಿರುಗಟ್ಟಿದೆಯಾ ನೋಡು, ಅದೂ ಅಲ್ಲದಿದ್ದರೆ ಅಳೆ. ದೂರುಗಳನ್ನು ಅವಳು ಒಂದು ಉದ್ದದ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ‘ವಿಡಿಯೋ ನಿಂತು ನಿಂತು ಬರ್ತದೆ.’ ‘ಎಡಕ್ಕೆ ಅಂದರೆ ಸ್ವಲ್ಪ ಹೊತ್ತು ಬಿಟ್ಟು ಎಡಕ್ಕೆ ಹೋಗ್ತದೆ.’ ‘ಕ್ಯಾಮರಾ ತಲೆ ಅಲ್ಲಾಡಿಸ್ತದೆ.’ ಕೇಂದ್ರದ ಮೂರು ಡ್ರೋನುಗಳಿಂದಲೇ ವಾರಕ್ಕೆ ಐದಾರು ದೂರು ಬರುತ್ತಿದ್ದವು. ಪೂರಕ ಬಂದ ಮೇಲೆ ಆ ಪುಟಗಳು ಖಾಲಿಯಾದವು. ಒಂದು ವಾರ, ಎರಡು ವಾರ, ಹದಿಮೂರು ವಾರ. ಕೇಂದ್ರದವರು ಹಾಲು ಕುಡಿದಷ್ಟು ಸಂತೋಷಪಟ್ಟರು. ಉಪ್ಪುಗಾಳಿ ಮೊದಲಿನ ಹಾಗೇ ಬೀಸುತ್ತಿತ್ತು, ಅಂಗಡಿಯ ಕಬ್ಬಿಣದ ಬಾಗಿಲು ಮೊದಲಿನ ಹಾಗೇ ತುಕ್ಕು ಹಿಡಿಯುತ್ತಿತ್ತು, ಡ್ರೋನಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಇದೆಂತ ಸಂಗತಿ ಎಂದು ವಿನುತಾಳಿಗೆ ಒಮ್ಮೊಮ್ಮೆ ಅನ್ನಿಸಿದ್ದಿದೆ, ಆದರೆ ಹುಷಾರಾಗಿರುವವರನ್ನು ಹಿಡಿದು ಯಾರು ಔಷಧ ಕುಡಿಸುತ್ತಾರೆ?

ಮೇ ತಿಂಗಳ ಒಂದು ಗುರುವಾರ ಮಧ್ಯಾಹ್ನ ಮಳೆಗಾಲಕ್ಕೆ ಮುಂಚಿನ ಹುಚ್ಚುಗಾಳಿ ಎದ್ದಿತು. ಸಂಜೆ ಎಲ್ಲ ದೋಣಿಗಳೂ ಬಂದವು, ನಾಗೇಶನದೊಂದು ಬರಲಿಲ್ಲ. ನಾಗೇಶ ನಲವತ್ತೊಂಬತ್ತರ ಗಟ್ಟಿ ಆಳು, ವಿನುತಾಳ ಪಕ್ಕದ ಮನೆಯವನು. ಜೊತೆಗೆ ಹೋದವನು ಅವನ ಹೆಂಡತಿ ಚೈತ್ರಾಳ ತಮ್ಮ ಚರಣ್. ಶುಕ್ರವಾರ ಬೆಳಗಾಗುತ್ತಲೇ ಕೇಂದ್ರದ ಡ್ರೋನುಗಳು ಹೊರಟವು. ಒಂಬತ್ತೂಕಾಲರ ಹೊತ್ತಿಗೆ ಒಂದು ಡ್ರೋನ್ ನಾಗೇಶನ ಬಲೆ ಇದ್ದ ಜಾಗದ ಮೇಲೆ ಹಾದುಹೋಯಿತು. ಪರದೆಯಲ್ಲಿ ಕಂಡದ್ದು ಬಾವುಟ, ಅಲೆ, ಮತ್ತೆ ಅಲೆ. ‘ಇಲ್ಲಿ ಯಾರೂ ಇಲ್ಲ’ ಎಂದು ಬರೆದುಕೊಂಡ ಅಧಿಕಾರಿ, ನೀರಿನ ಸೆಳವು ಲೆಕ್ಕ ಹಾಕಿ, ಹುಡುಕಾಟವನ್ನು ಬಡಗಣ ದಿಕ್ಕಿಗೆ ತಿರುಗಿಸಿದರು. ಅವರು ಕೆಟ್ಟವರಲ್ಲ, ಕಂಡದ್ದನ್ನು ನಂಬಿದರು.

ಎರಡು ಗಂಟೆಗೆ ಚೈತ್ರಾ ಅಂಗಡಿಗೆ ಬಂದಳು. ಅತ್ತು ಅತ್ತು ಧ್ವನಿ ಒಡೆದಿತ್ತು.

“ವಿನುತಾ, ಆ ಯಂತ್ರ ಹಾಕಿದವಳು ನೀನಲ್ವಾ? ಒಮ್ಮೆ ಹೋಗಿ ಕಾಣು ಮಾರಾಯ್ತಿ.”

“ಚೈತ್ರಕ್ಕ, ಬಲೆ ಹತ್ತಿರ ನೋಡಿದ್ದಾರಂತೆ. ಬಾವುಟ ನೆಟ್ಟಗೆ ಉಂಟಂತೆ.”

“ಅದೇ ನನಗೆ ಸಮಾಧಾನ ಇಲ್ಲದ್ದು! ದೋಣಿ ಮಗುಚಿದರೂ ಅವರು ಬಲೆ ಬಿಟ್ಟು ಹೋಗುವ ಜನ ಅಲ್ಲ. ತೇಲುಬುರುಡೆ ಹಿಡ್ಕೊಂಡು ಬಾವುಟ ಮಲಗಿಸ್ತಾರೆ. ಮಲಗಿಸಿಯೇ ಮಲಗಿಸ್ತಾರೆ. ಮೂವತ್ತು ವರ್ಷ ಕಡಲಿಗೆ ಹೋದವರು ಅವರು.”

ನೆಟ್ಟಗಿದ್ದರೆ ಬಲೆ, ಮಲಗಿದರೆ ಮನುಷ್ಯ. ಇದು ಹೊಸಕೋಡಿಯ ಮಕ್ಕಳಿಗೂ ಗೊತ್ತಿರುವ ಮಾತು. ಕಡಲಲ್ಲಿ ಕೈ ಬೀಸಿದರೆ ದೂರಕ್ಕೆ ಕಾಣುವುದಿಲ್ಲ, ಕೂಗಿದರೆ ಕೇಳುವುದಿಲ್ಲ. ಅದಕ್ಕೇ ಕಷ್ಟಕ್ಕೆ ಸಿಕ್ಕಿದವರು ಬಾವುಟದ ಗಳುವನ್ನು ನೀರಿನ ಮೇಲೆ ಅಡ್ಡ ಮಲಗಿಸಿ ಹಿಡಿಯುತ್ತಾರೆ. ಮಲಗಿದ ಬಾವುಟ ಕಂಡರೆ ಎಂಥ ಜಗಳದ ಮನೆಯ ದೋಣಿಯಾದರೂ ತಿರುಗಿ ಬರಲೇಬೇಕು.

ವಿನುತಾ ಮೀಟರು ಹಿಡಿದುಕೊಂಡು ಕೇಂದ್ರಕ್ಕೆ ಓಡಿದಳು. ಮೂಸಿದಳು, ನೋಡಿದಳು. ಆಂಟೆನಾ ಸರಿ, ತಂತಿ ಸರಿ, ಪರದೆಯಂತೂ ಕನ್ನಡಿ. ಡ್ರೋನ್ ನಡೆಸುತ್ತಿದ್ದವನನ್ನು ಎಬ್ಬಿಸಿ ತಾನೇ ಕುಳಿತು ಸ್ಟಿಕ್ಕನ್ನು ಎಡಕ್ಕೆ ತಿರುಗಿಸಿದಳು. ತಿರುಗಿಸಿದ ಕ್ಷಣವೇ ಪರದೆಯ ಕಡಲು ಎಡಕ್ಕೆ ವಾಲಿತು. ಬೆಣ್ಣೆಯ ಹಾಗೆ ಕೇಳುತ್ತದೆ ಎಂದು ಪಕ್ಕದವನು ಹೆಮ್ಮೆಪಟ್ಟ. ವಿನುತಾಳ ಕಣ್ಣು ಮಾತ್ರ ಮೀಟರಿನ ಮೇಲಿತ್ತು. ಗಾಳಿ ಮಳೆಯ ದೆಸೆಯಿಂದ ಸಂಪರ್ಕ ತೀರಾ ನಿಧಾನವಾಗಿತ್ತು. ಇಲ್ಲಿಂದ ಹೋದ ಆಜ್ಞೆ ಡ್ರೋನಿಗೆ ಮುಟ್ಟಿ, ಅಲ್ಲಿಂದ ಚಿತ್ರ ಬರಲು ನಾಲ್ಕು ಸೆಕೆಂಡು ಹಿಡಿಯುತ್ತಿತ್ತು.

ಅವಳು ಮತ್ತೊಮ್ಮೆ ತಿರುಗಿಸಿದಳು. ಮತ್ತೆ ಅದೇ ಕ್ಷಣಕ್ಕೆ ಕಡಲು ತಿರುಗಿತು. ಡ್ರೋನಿಗೆ ಆಜ್ಞೆ ಮುಟ್ಟುವ ಮೊದಲೇ ಡ್ರೋನಿನ ಚಿತ್ರ ತಿರುಗಿತ್ತು.

ಅಯ್ಯೋ ದೇವರೇ, ಎಂದುಕೊಂಡಳು ವಿನುತಾ. ಬೆಳಗ್ಗೆಯಿಂದ ಇವರೆಲ್ಲ ಕಣ್ಣು ಮಿಟುಕಿಸದೆ ನೋಡುತ್ತಿರುವುದು ಅಲ್ಲಿರುವ ಕಡಲನ್ನಲ್ಲ, ಹತ್ತು ವರ್ಷದ ವಿಡಿಯೋಗಳಲ್ಲಿ ಕಲಿತ ಕಡಲನ್ನು ನೆನಪು ಮಾಡಿಕೊಂಡು ಯಂತ್ರ ಬರೆಯುತ್ತಿರುವ ಕಡಲನ್ನು. ಅವಳು ಉರಾಳರಿಗೆ ಫೋನ್ ಮಾಡಿದಳು.

“ಡಾಕ್ಟ್ರೇ, ಬಂದ ಚಿತ್ರ ಪೂರಕದ ಊಹೆಗೆ ಹೊಂದದಿದ್ದರೆ ಅದು ಎಂತ ಮಾಡ್ತದೆ?”

“ದಾರಿಯಲ್ಲಿ ಕೆಟ್ಟಿದೆ ಅಂತ ತಿಳಿದು ಪಕ್ಕಕ್ಕೆ ಹಾಕ್ತದೆ. ಯಾಕೆ?”

“ಬಾವುಟ ಮಲಗಿದ್ದರೆ?”

“ಬಾವುಟ ಯಾಕೆ ಮಲಗ್ತದೆ ವಿನುತಾ? ನೀವು ಕೊಟ್ಟ ನಾಲ್ಕು ಸಾವಿರ ಗಂಟೆಯಲ್ಲಿ ಒಂದೂ ಮಲಗಿದ್ದು ನಾನು ನೋಡಿಲ್ಲ.”

ಮಲಗಿದ ಬಾವುಟವಿದ್ದ ದಿನಗಳೆಲ್ಲ ಕಡಲು ಯಾರನ್ನಾದರೂ ತೆಗೆದುಕೊಂಡ ದಿನಗಳು. ಅವನ್ನು ಅಳಿಸಿದ್ದು ಯಾರು? ಈ ಕೈ.

“ಪಕ್ಕಕ್ಕೆ ಹಾಕಿದ್ದು ಎಲ್ಲಿ ಉಂಟು?” ಎಂದಳು.

“ಒಂದು ದಿನ ಇರ್ತದೆ, ಆಮೇಲೆ ತಾನಾಗಿ ಹೋಗ್ತದೆ.” ಉರಾಳರು ದಾರಿ ಹೇಳಿಕೊಟ್ಟರು. ಅವರಿಗೂ ಅಷ್ಟರಲ್ಲಿ ವಿಷಯ ಹೊಳೆದಿರಬೇಕು, ಧ್ವನಿ ಕುಗ್ಗಿತ್ತು.

ಬೆಳಗ್ಗೆಯಿಂದ ಯಂತ್ರ ಬೇಡವೆಂದು ಬಿಸಾಡಿದ ಚಿತ್ರಗಳು ಆರು ಸಾವಿರಕ್ಕೂ ಹೆಚ್ಚಿದ್ದವು. ಬಹುಪಾಲು ನಿಜಕ್ಕೂ ಕಸವೇ: ಬಿಸಿಲಿನ ಹೊಳಪು, ಮಸೂರದ ಮೇಲಿನ ಹನಿ, ಅರ್ಧಕ್ಕೆ ಹರಿದ ಗೆರೆಗಳು. ಅವಳು ಒಂಬತ್ತೂಕಾಲರ ಸುತ್ತಮುತ್ತಲಿನವನ್ನು ಮಾತ್ರ ತೆಗೆದಳು. ಒಂಬತ್ತು ಗಂಟೆ ಹದಿನಾಲ್ಕು ನಿಮಿಷಕ್ಕೆ ಸೇರಿದ ಮೂರು ಚಿತ್ರಗಳಿದ್ದವು. ಒಂದರಲ್ಲಿ ಬಾವುಟ ನೀರಿನ ಮೇಲೆ ಅಡ್ಡ ಮಲಗಿತ್ತು. ಎರಡನೆಯದರಲ್ಲಿ ತೇಲುಬುರುಡೆಯನ್ನು ತಬ್ಬಿಕೊಂಡ ಎರಡು ತಲೆಗಳು. ಮೂರನೆಯದರಲ್ಲಿ, ಕೆಳಗಿನ ಅರ್ಧ ಪೂರ್ತಿ ಕಪ್ಪಾಗಿ ಹೋದ ಚಿತ್ರದಲ್ಲಿ, ನಾಗೇಶ ಮುಖ ಮೇಲೆತ್ತಿ ಡ್ರೋನನ್ನೇ ನೋಡುತ್ತಿದ್ದ.

ಅದೇ ಕ್ಷಣದಲ್ಲಿ ಪರದೆ ಏನು ತೋರಿಸಿತ್ತು ಎಂದೂ ಅವಳು ತೆಗೆದು ನೋಡಿದಳು. ಬಾವುಟ ನೆಟ್ಟಗೆ ನಿಂತಿತ್ತು. ಸುತ್ತ ಚೆಂದದ ಅಲೆಗಳಿದ್ದವು.

ಅಧಿಕಾರಿ ಕೂಡಲೇ ದೋಣಿ ಹೊರಡಿಸಿದರು. ವಿನುತಾ ಪೂರಕವನ್ನು ನಿಲ್ಲಿಸಿಬಿಟ್ಟಳು. ಪರದೆ ಕಪ್ಪಾಯಿತು, ಗೆರೆಗೆರೆಯಾಯಿತು, ಮೂರ್ನಾಲ್ಕು ಸೆಕೆಂಡಿಗೊಮ್ಮೆ ಒಂದು ಹರಿದ ಚಿತ್ರ ಮೂಡಿ ಮಾಯವಾಯಿತು.

“ಹೋಯ್, ಹಾಳಾಯ್ತಲ್ಲ!” ಎಂದು ಪಕ್ಕದವನು ಕೂಗಿದ.

“ಈಗ ಸರಿಯಾಯ್ತು,” ಎಂದಳು ವಿನುತಾ.

ಆ ಹರಿದ ಚಿತ್ರಗಳನ್ನೇ ನೋಡುತ್ತ, ಪ್ರತಿ ಸಲ ಸ್ಟಿಕ್ ಮುಟ್ಟಿದಾಗಲೂ ನಾಲ್ಕರವರೆಗೆ ಎಣಿಸುತ್ತ, ಅವಳು ಡ್ರೋನನ್ನು ಬಲೆಯ ಮೇಲೆ ತಂದು ನಿಲ್ಲಿಸಿದಳು. ಬಾವುಟ ಇನ್ನೂ ಮಲಗಿತ್ತು. ತಲೆ ಒಂದೇ ಇತ್ತು. ಮುಂದಿನ ಚಿತ್ರದಲ್ಲಿ ಇನ್ನೊಂದು ಕಾಣಬಹುದು ಎಂದು ಕಾದಳು, ಅದರ ಮುಂದಿನದಕ್ಕೂ ಕಾದಳು. ಐದೂಕಾಲಕ್ಕೆ ದೋಣಿಯವರು ಚರಣನನ್ನು ಎತ್ತಿಕೊಂಡರು. ನಾಗೇಶ ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಕೈಬಿಟ್ಟಿದ್ದ. ಆಮೇಲೆ ಅವನ ದೇಹವೂ ಸಿಗಲಿಲ್ಲ.

ಆಸ್ಪತ್ರೆಯಲ್ಲಿ ಕಣ್ಣು ತೆರೆದ ಚರಣ್ ಕೇಳಿದ್ದು ಒಂದೇ ಪ್ರಶ್ನೆ.

“ಬೆಳಗ್ಗೆ ಡ್ರೋನ್ ನಮ್ಮ ತಲೆ ಮೇಲೇ ಬಂತಲ್ಲ. ಕಂಡ್ರು ಕಂಡ್ರು, ಇನ್ನು ಹೆದರಬೇಡ ಅಂತ ಭಾವ ನಕ್ಕರು. ನಿಮಗೆ ನಾವು ಕಂಡಿಲ್ವಾ?”

“ಡ್ರೋನಿಗೆ ಕಂಡಿದ್ರಿ,” ಎಂದಳು ವಿನುತಾ.

ಉರಾಳರು ಮೂರನೆಯ ದಿನ ಬಂದರು. ತಪ್ಪಿಸಿಕೊಳ್ಳುವ ಜಾತಿಯ ಮನುಷ್ಯ ಅಲ್ಲ ಅವರು. ನೇರವಾಗಿ ಅಂಗಡಿಗೇ ಬಂದು ಮುರಿದ ಸ್ಟೂಲಿನ ಮೇಲೆ ಕುಳಿತರು. ವಿನುತಾ ತಾನು ಯಾವ ವಿಡಿಯೋಗಳನ್ನು ಅಳಿಸಿದ್ದೆ, ಯಾಕೆ ಅಳಿಸಿದ್ದೆ ಎಂದು ಒಂದೂ ಬಿಡದೆ ಹೇಳಿದಳು.

“ನೀವು ಅಳಿಸದಿದ್ದರೆ ಅದು ಈ ಬಾವುಟವನ್ನು ಕಲೀತಿತ್ತು, ಹೌದು,” ಎಂದರು ಉರಾಳರು. “ಆದರೆ ಮೊದಲ ಸಲ ಆಗುವ ಸಂಗತಿ ಯಾವಾಗಲೂ ಒಂದು ಇರ್ತದಲ್ಲ. ಅದನ್ನು ಯಾರು ಕಲಿಸಲಿಕ್ಕೆ ಆಗ್ತದೆ? ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅಂತ ಹೇಳಲಿಕ್ಕೆ ನಾನು ಅದಕ್ಕೆ ಬಾಯಿಯೇ ಕೊಡಲಿಲ್ಲ. ತಪ್ಪು ಅಲ್ಲಿ ಉಂಟು.”

“ಆ ದಿನ ತಪ್ಪಲೆ ಕವುಚಿದಾಗ ಒಂದು ಬಿಳಿ ಹಕ್ಕಿ ಹಾರಿತಲ್ಲ ಡಾಕ್ಟ್ರೇ. ಅದು ಇತ್ತಾ?”

“ಗೊತ್ತಿಲ್ಲ,” ಎಂದರು ಉರಾಳರು. “ನಿಜವಾಗಿ ಗೊತ್ತಿಲ್ಲ.”

ಹೊಸ ಪೂರಕ ಬರಲು ಒಂದೂವರೆ ವರ್ಷ ಹಿಡಿಯಿತು. ಅದು ಊಹಿಸಬೇಕಾದ ಜಾಗವನ್ನೆಲ್ಲ ಕಪ್ಪಾಗಿಯೇ ಬಿಡುತ್ತಿತ್ತು. ಪರದೆ ಜಿರಲೆ ತಿಂದ ಸೀರೆಯಂತಾಯಿತು ಎಂದು ಕೇಂದ್ರದವರು ಗೊಣಗಿದರು. ಮೀನುಗಾರರು ಮಾತ್ರ ಕಪ್ಪು ಕಂಡಲ್ಲೆಲ್ಲ ದೋಣಿ ಕಳಿಸಿ ನೋಡಿ ಎಂದು ಹಟ ಹಿಡಿದರು. ಕಡಲ ಹುಡುಕಾಟದಲ್ಲಿ ಊಹೆಯ ಚಿತ್ರವನ್ನು ಕಂಡ ಚಿತ್ರವೆಂದು ತೋರಿಸಬಾರದು ಎಂಬ ನಿಯಮವೂ ಕ್ರಮೇಣ ಬಂತು. ವಿನುತಾಳ ದೂರಿನ ಪುಸ್ತಕ ಮತ್ತೆ ತುಂಬತೊಡಗಿತು.

ಇದೆಲ್ಲ ಆಮೇಲಿನ ಮಾತು. ಅದಕ್ಕೂ ಮುಂಚೆ, ನಾಗೇಶ ಹೋದ ಹನ್ನೊಂದನೆಯ ದಿನ, ಚೈತ್ರಾ ಅಂಗಡಿಗೆ ಬಂದಳು. ವಿನುತಾ ಬೇರೆ ಎತ್ತಿಟ್ಟಿದ್ದ ಆ ಮೂರು ಚಿತ್ರಗಳನ್ನು ಊರಿನ ನಂಬಿಕೆಯಂತೆ ಮರುದಿನದೊಳಗೆ ಅಳಿಸಬೇಕಿತ್ತು. ಅದನ್ನು ಹೇಳಲು ಬಂದಿದ್ದಾಳೆ ಎಂದೇ ವಿನುತಾ ತಿಳಿದಳು. ಅವಳು ಹೇಳುವ ಮೊದಲು ತಾನೇ ಹೇಳಬೇಕಾದ್ದು ಒಂದಿತ್ತು.

“ಚೈತ್ರಕ್ಕ, ಮಲಗಿದ ಬಾವುಟದ ಹಳೆಯ ವಿಡಿಯೋ ಎಲ್ಲ ನಾನೇ ಅಳಿಸಿದ್ದು. ಅದು ಇದ್ದಿದ್ದರೆ ಯಂತ್ರಕ್ಕೆ ಗುರುತು ಸಿಗ್ತಿತ್ತು. ಬೆಳಗ್ಗೆಯೇ ಸಿಗ್ತಿತ್ತು.”

ಚೈತ್ರಾ ಅವಳನ್ನೇ ನೋಡಿದಳು.

“ನನ್ನ ಅಪ್ಪ ಹೋದ ದಿನದ್ದೂ ಇತ್ತಾ ಅದರಲ್ಲಿ?”

“ಇತ್ತು.”

“ಅದನ್ನು ಅಳಿಸು ಅಂತ ಏಳು ವರ್ಷದ ಹಿಂದೆಯೇ ನಿನ್ನ ಹತ್ತಿರ ಹೇಳಿದವಳು ನಾನು. ಮರ್ತೆಯಾ?” ಚೈತ್ರಾ ಬೆಂಚಿನ ಮೇಲೆ ಕುಸಿದು ಕೂತಳು. ಇಬ್ಬರೂ ಅತ್ತರು. ಐಸ್ ಪ್ಲಾಂಟಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಚೈತ್ರಾ ಸೆರಗಿನ ಮರೆಯಿಂದ ಒಂದು ಚೌಕಟ್ಟು ತೆಗೆದಳು. ಅವಳ ಮದುವೆಯ ಫೋಟೋ ಅದು. ಎರಡು ಸಾವಿರದ ಇಪ್ಪತ್ತೇಳನೆಯ ಇಸವಿಯದು, ಯಾರೋ ನೆಂಟರು ಫೋನಿನಲ್ಲಿ ತೆಗೆದದ್ದು.

“ಹನ್ನೆರಡನೆಯ ದಿನಕ್ಕೆ ಇಡುವ ಅಂತ ತೆಗೆದೆ. ನೋಡು, ಇದರಲ್ಲಿ ಕಲೆ ಇಲ್ಲ.”

ನಾಗೇಶನ ಎಡಹುಬ್ಬಿನಿಂದ ಕೆನ್ನೆಯವರೆಗೆ ಒಂದು ಗಾಯದ ಕಲೆಯಿತ್ತು. ಮದುವೆಗೂ ಎರಡು ವರ್ಷ ಮೊದಲು ಹಗ್ಗ ತುಂಡಾಗಿ ಹೊಡೆದದ್ದು. ಫೋಟೋದ ಮದುಮಗನ ಕೆನ್ನೆ ಮಾತ್ರ ಮಗುವಿನ ಕೆನ್ನೆಯಂತೆ ನುಣ್ಣಗಿತ್ತು.

“ಆ ಕಾಲದ ಫೋನುಗಳು ಹಾಗೇ, ಚೈತ್ರಕ್ಕ. ಯಾರೂ ಕೇಳದೆ ತಾವಾಗಿಯೇ ಮುಖ ತಿದ್ದುತ್ತಿದ್ದವು. ಚೆಂದ ಕಾಣ್ತದಲ್ಲ ಅಂತ ಯಾರೂ ಬೇಡ ಅನ್ನಲಿಲ್ಲ.”

“ಮನೆಯಲ್ಲಿ ಇರುವ ಅಷ್ಟೂ ಫೋಟೋ ತೆಗೆದು ನೋಡಿದೆ. ಆ ವರ್ಷದ್ದು, ಅದರ ಮರುವರ್ಷದ್ದು, ಮಗು ಹುಟ್ಟಿದಾಗಿನದ್ದು. ಒಂದರಲ್ಲೂ ಇಲ್ಲ. ಇಪ್ಪತ್ತಾರು ವರ್ಷ ನನ್ನ ಎದುರು ಕೂತು ಉಂಡ ಮುಖ ಒಂದು ಫೋಟೋದಲ್ಲೂ ಇಲ್ಲ ವಿನುತಾ.”

ವಿನುತಾ ಮೂರನೆಯ ಚಿತ್ರವನ್ನು ತೆರೆದಳು. ಕೆಳಗಿನ ಅರ್ಧ ಕಪ್ಪು, ಮೇಲಿನರ್ಧದಲ್ಲೂ ಎರಡು ಗೆರೆ ಹರಿದಿತ್ತು. ಒದ್ದೆ ಕೂದಲು, ಬಿಸಿಲಿಗೆ ಕಿರಿದಾದ ಕಣ್ಣು, ಕಂಡರು ಕಂಡರು ಎಂಬ ಆ ನಗು. ಎಡಹುಬ್ಬಿನಿಂದ ಕೆನ್ನೆಗೆ ಇಳಿದ ಕಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಚೈತ್ರಾ ಪರದೆಯ ಮೇಲೆ ಬೆರಳಿಟ್ಟು ಆ ಕಲೆಯುದ್ದಕ್ಕೂ ಒಮ್ಮೆ ಸವರಿದಳು.

“ಇದನ್ನು ಅಳಿಸಬೇಡ,” ಎಂದಳು. “ಕಡಲಿಗೆ ನಮ್ಮ ವಿಳಾಸ ಹೇಗೂ ಗೊತ್ತುಂಟು. ನನಗೆ ಇದರದ್ದು ಒಂದು ಪ್ರತಿ ಕೊಡು.”

ವಿನುತಾ ಮುದ್ರಣಕ್ಕೆ ಕೊಟ್ಟಳು. ಮುದ್ರಣದ ಯಂತ್ರ ಎಂದಿನಂತೆ ಎರಡು ಪ್ರಶ್ನೆ ಕೇಳಿತು: ‘ಚಿತ್ರ ಅಪೂರ್ಣವಾಗಿದೆ. ಖಾಲಿ ಭಾಗ ತುಂಬಿಸಲೇ? ಮುಖದ ದೋಷ ಸರಿಪಡಿಸಲೇ?’ ವಿನುತಾ ಉತ್ತರ ಒತ್ತಲಿಲ್ಲ, ಕುರ್ಚಿ ಸರಿಸಿ ಜಾಗ ಬಿಟ್ಟಳು.

ಚೈತ್ರಾ ಕನ್ನಡಕ ಹಾಕಿಕೊಂಡು ಎರಡು ಸಾಲನ್ನೂ ನಿಧಾನವಾಗಿ ಓದಿದಳು. ಆಮೇಲೆ ಎರಡಕ್ಕೂ ‘ಬೇಡ’ ಎಂದು ಒತ್ತಿದಳು.